ಭಿಕ್ಷುಗಳ ಬದುಕಿನಲ್ಲಿ ಹಾಡಿಗೆ ಎಷ್ಟು ಜಾಗ?

ಪ್ರಶ್ನೆ: ರಜೆಯಲ್ಲಿ ಕೊಡಗಿಗೆ ಹೋದವರು ಬೈಲುಕುಪ್ಪೆಯ ಸ್ವರ್ಣಮಂದಿರವನ್ನೂ ನೋಡಿಕೊಂಡು ಬಂದೆವು. ಅಲ್ಲಿ ಭಿಕ್ಷುಗಳು ಆಳುದ್ದಕ್ಕಿಂತ ಉದ್ದದ ಕಹಳೆ ಊದುತ್ತ, ತಾಳ ಬಡಿಯುತ್ತ ಪೂಜೆ ಮಾಡುತ್ತಿದ್ದರು. ಆದರೆ ಬುದ್ಧನು ಭಿಕ್ಷುಗಳಿಗೆ ಹಾಡು, ಕುಣಿತ, ವಾದ್ಯ ಮೂರನ್ನೂ ನಿಷೇಧಿಸಿದ್ದನೆಂದು ಓದಿದ್ದೇನೆ. ಯಾವುದು ಸರಿ? ಮುಂದಿನ ತಿಂಗಳು ನಮ್ಮ ಮನೆಗೆ ಥೇರವಾದ ಪರಂಪರೆಯ ಭಂತೇಜಿಯೊಬ್ಬರು ಊಟಕ್ಕೆ ಬರುವವರಿದ್ದಾರೆ. ಅವರೆದುರು ನಮ್ಮ ಮಂಡಳಿಯ ಕುಣಿತ ಭಜನೆ ಇಟ್ಟುಕೊಳ್ಳಬಹುದೇ? ಅವರ ದಿನಚರಿಯ ನಿಯಮಗಳನ್ನೂ ತಿಳಿಸಿ.
ಓದುಗರೊಬ್ಬರು, ಕದ್ರಿ, ಮಂಗಳೂರು

ಉತ್ತರ: ನಿಷೇಧ ಇರುವುದು ನಿಜ, ಹಾಗೆಂದು ಬೈಲುಕುಪ್ಪೆಯ ಕಹಳೆ ಶಾಸ್ತ್ರಬಾಹಿರವೂ ಅಲ್ಲ. ಇವೆರಡೂ ಒಟ್ಟಿಗೆ ಹೇಗೆ ನಿಲ್ಲುತ್ತವೆ ಎಂಬುದು ತಿಳಿಯಬೇಕಾದರೆ ನಿಯಮ ಹುಟ್ಟಿದ ಸಂದರ್ಭವನ್ನು ನೋಡಬೇಕು. ಭಿಕ್ಷುಗಳ ಶಿಸ್ತನ್ನು ಹೇಳುವ ವಿನಯಪಿಟಕವೆಂಬ ಗ್ರಂಥದ ನಿಯಮಗಳು ಮೊದಲೇ ಕುಳಿತು ಬರೆದಿಟ್ಟ ಸಂವಿಧಾನವಲ್ಲ. ಯಾರೋ ಒಬ್ಬ ಭಿಕ್ಷು ಏನನ್ನೋ ಮಾಡಿದ, ಊರವರು ಆಡಿಕೊಂಡರು, ಮಾತು ಬುದ್ಧನ ಕಿವಿಗೆ ಬಿತ್ತು, ಆಗ ನಿಯಮ ಬಂತು ಎಂಬ ಕ್ರಮದಲ್ಲಿಯೇ ಅಲ್ಲಿನ ಕಥನ ಸಾಗುತ್ತದೆ. ಆದುದರಿಂದ ಜನರ ಆಕ್ಷೇಪ ಏನಾಗಿತ್ತು ಎಂಬುದರಲ್ಲಿಯೇ ನಿಯಮದ ಉದ್ದೇಶ ಅಡಗಿರುತ್ತದೆ.

ಸಂಗೀತದ ನಿಯಮವು ವಿನಯಪಿಟಕದ ಚುಲ್ಲವಗ್ಗದಲ್ಲಿ, ಐದನೆಯ ಅಧ್ಯಾಯದಲ್ಲಿದೆ. ರಾಜಗೃಹದ ಬೆಟ್ಟದ ಮೇಲೆ ಗಿರಗ್ಗಸಮಜ್ಜ ಎಂಬ ಜಾತ್ರೆ ನಡೆದಾಗ ‘ಛಬ್ಬಗ್ಗಿಯ’ರೆಂಬ ಆರು ಮಂದಿ ಭಿಕ್ಷುಗಳ ಗುಂಪು ಅದನ್ನು ನೋಡಲು ಹೋಯಿತು. (ವಿನಯದ ಎಷ್ಟೋ ನಿಯಮಗಳಿಗೆ ಕಾರಣರಾದ ತುಂಟರು ಇವರೇ, ಇವರಿಲ್ಲದಿದ್ದರೆ ವಿನಯಪಿಟಕ ಬಹಳ ತೆಳ್ಳಗಿನ ಗ್ರಂಥವಾಗುತ್ತಿತ್ತು.) ಭೋಗದಲ್ಲಿರುವ ಸಂಸಾರಿಗಳಂತೆ ಈ ಶ್ರಮಣರೂ ನೃತ್ಯ, ಗೀತ, ವಾದ್ಯ ನೋಡಲು ಬರುವುದೇ ಎಂದು ಜನ ಆಕ್ಷೇಪಿಸಿದರು. ನೃತ್ಯ, ಗೀತ, ವಾದ್ಯಗಳನ್ನು ನೋಡಲು ಹೋಗಬಾರದು, ಹೋದವನಿಗೆ ದುಕ್ಕಟ ದೋಷ ಎಂದು ಬುದ್ಧನು ವಿಧಿಸಿದನು. ಮನೆಮಾರು ಬಿಟ್ಟವನು ಮನರಂಜನೆಯನ್ನು ಹುಡುಕಿಕೊಂಡು ಹೊರಟದ್ದೇ ಇಲ್ಲಿ ಆಕ್ಷೇಪಕ್ಕೆ ಕಾರಣವೇ ಹೊರತು ನಾದದಲ್ಲಿಯೇ ಮೈಲಿಗೆ ಇದೆಯೆಂದು ಯಾರೂ ಹೇಳಿಲ್ಲ. ವ್ಯಾಖ್ಯಾನಕಾರರು ಈ ಎಳೆಯನ್ನು ಎಷ್ಟು ದೂರ ಎಳೆದರೆಂದರೆ, ನವಿಲಿನ ಕುಣಿತವನ್ನು ನೋಡಲೆಂದೇ ಎದ್ದು ಹೋಗುವುದನ್ನೂ ಇದೇ ನಿಯಮದ ಅಡಿಯಲ್ಲಿ ತಂದಿದ್ದಾರೆ.

ದೋಷದ ತೂಕವನ್ನೂ ಗಮನಿಸಬೇಕು. ಶ್ರೀಲಂಕಾ, ಥೈಲೆಂಡುಗಳಲ್ಲಿ ನಡೆಯುವ ಥೇರವಾದದ ಭಿಕ್ಷು ಪಾಲಿಸುವ ಪಾತಿಮೋಕ್ಖವೆಂಬ ನಿಯಮಾವಳಿಯಲ್ಲಿ 227 ನಿಯಮಗಳಿವೆ. ಮೊದಲಿನ 4 ಪಾರಾಜಿಕಗಳನ್ನು, ಅಂದರೆ ಮೈಥುನ, ಕಳವು, ನರಹತ್ಯೆ ಮತ್ತು ಇಲ್ಲದ ಸಿದ್ಧಿಯನ್ನು ಇದೆಯೆಂದು ಹೇಳಿಕೊಳ್ಳುವುದನ್ನು, ಮೀರಿದವನು ಭಿಕ್ಷುವಾಗಿ ಉಳಿಯುವುದೇ ಇಲ್ಲ. ಮುಂದಿನ 13ಕ್ಕೆ ಸಂಘ ಸೇರಿ ಪ್ರಾಯಶ್ಚಿತ್ತ ವಿಧಿಸಬೇಕು. ಸಂಗೀತದ ನಿಯಮ ಭಿಕ್ಷುಗಳ ಮಟ್ಟಿಗೆ ಈ 227ರಲ್ಲಿ ಸೇರಿಯೇ ಇಲ್ಲ; ದುಕ್ಕಟವೆಂಬುದು ಮತ್ತೊಬ್ಬ ಭಿಕ್ಷುವಿನ ಎದುರು ಒಪ್ಪಿಕೊಂಡರೆ ಕಳೆಯುವ ಹಗುರವಾದ ದೋಷ. ಭಿಕ್ಷುಣಿಯರಿಗೆ ಮಾತ್ರ ಅದೇ ಕೃತ್ಯವನ್ನು ದುಕ್ಕಟಕ್ಕಿಂತ ಭಾರವಾದ ಪಾಚಿತ್ತಿಯವೆಂಬ ದೋಷಗಳ ಗುಂಪಿನಲ್ಲಿ ಇರಿಸಲಾಗಿದೆ. ಈ ಭೇದ ನನಗೆ ಅಷ್ಟೇನೂ ಸಮಾಧಾನ ತಂದಿಲ್ಲ, ಅದಿರಲಿ. ಇನ್ನೂ ಉಪಸಂಪದೆ, ಅಂದರೆ ಪೂರ್ಣ ದೀಕ್ಷೆ, ಆಗದ ಸಾಮಣೇರರಿಗೆ ಇರುವ ಹತ್ತು ಶೀಲಗಳಲ್ಲಿ ಏಳನೆಯದು ನೃತ್ಯ, ಗೀತ, ವಾದ್ಯ, ಪ್ರದರ್ಶನಗಳಿಂದ ದೂರವಿರುವುದು. ಹುಣ್ಣಿಮೆ ಅಮಾವಾಸ್ಯೆಗಳಂದು ಅಷ್ಟಶೀಲ ಪಾಲಿಸುವ ಗೃಹಸ್ಥರಿಗೂ ಆ ದಿನದ ಮಟ್ಟಿಗೆ ಇದು ಅನ್ವಯಿಸುತ್ತದೆ. ಉಳಿದ ದಿನಗಳಲ್ಲಿ ಗೃಹಸ್ಥನು ಹಾಡಬಾರದು ಎಂಬ ಮಾತು ಎಲ್ಲಿಯೂ ಇಲ್ಲ.

ಇದಕ್ಕಿಂತ ಸೂಕ್ಷ್ಮವಾದದ್ದು ಅದೇ ಅಧ್ಯಾಯದ ಮುಂದಿನ ಪ್ರಸಂಗ. ಅದೇ ಆರು ಮಂದಿ ಧರ್ಮವನ್ನು ಉದ್ದವಾಗಿ ಎಳೆದ ಗೀತಸ್ವರದಲ್ಲಿ ಪಠಿಸತೊಡಗಿದರು. ಆಗ ಬುದ್ಧನು ಐದು ಕೆಡುಕುಗಳನ್ನು ಹೇಳಿದನು. ಹಾಗೆ ಹಾಡುವವನು ತನ್ನ ಸ್ವರಕ್ಕೆ ತಾನೇ ಮರುಳಾಗುತ್ತಾನೆ, ಕೇಳುವವರೂ ಮರುಳಾಗುತ್ತಾರೆ, ನಾವು ಹಾಡುವ ಹಾಗೆಯೇ ಇವರೂ ಹಾಡುತ್ತಾರೆಂದು ಗೃಹಸ್ಥರು ಹಗುರವಾಗಿ ಕಾಣುತ್ತಾರೆ, ಸ್ವರವನ್ನು ನಯಗೊಳಿಸುವ ಯತ್ನದಲ್ಲಿ ಸಮಾಧಿ ಭಂಗವಾಗುತ್ತದೆ, ಮುಂದಿನ ತಲೆಮಾರು ಇದನ್ನೇ ಮಾದರಿಯಾಗಿ ಹಿಡಿಯುತ್ತದೆ. ಭಜನೆಯಲ್ಲಿ ಒಂದು ಆಲಾಪ ಚೆನ್ನಾಗಿ ಕೂತ ಕ್ಷಣದಲ್ಲಿ ಮನಸ್ಸು ದೇವರ ಮೇಲಿತ್ತೋ ಆಲಾಪದ ಮೇಲಿತ್ತೋ ಎಂಬುದನ್ನು ನಿಮ್ಮ ಮಂಡಳಿಯ ಹಿರಿಯ ಹಾಡುಗಾರರನ್ನು ಕೇಳಿ ನೋಡಿ. ನಾಲ್ಕನೆಯ ಮಾತು ಎಷ್ಟು ಅನುಭವದಿಂದ ಬಂದದ್ದೆಂದು ತಿಳಿಯುತ್ತದೆ.

ಈ ಮಾತನ್ನು ಕೇಳಿದ ಭಿಕ್ಷುಗಳು ಹೆದರಿ ಸ್ವರಬದ್ಧ ಪಠಣವನ್ನೇ ಬಿಡಲು ಹೊರಟರು. ಆಗ ಬುದ್ಧನು ‘ಸರಭಞ್ಞ’ಕ್ಕೆ, ಅಂದರೆ ಅಕ್ಷರಕ್ಕೆ ಧಕ್ಕೆಯಾಗದಂತೆ ಮಿತವಾದ ಏರಿಳಿತದೊಡನೆ ಓದುವುದಕ್ಕೆ, ಅನುಮತಿ ಕೊಟ್ಟನು. ಅವಂತಿಯಿಂದ ಬಂದ ಸೋಣ ಕುಟಿಕಣ್ಣನೆಂಬ ಹೊಸ ಭಿಕ್ಷು ಅಟ್ಠಕವಗ್ಗವೆಂಬ ಸುತ್ತಗಳ ಗುಚ್ಛವನ್ನು ಸ್ವರವೆತ್ತಿ ಪಠಿಸಿದಾಗ ಆತನ ಸ್ಪಷ್ಟವಾದ ಉಚ್ಚಾರವನ್ನು ಬುದ್ಧನು ಮೆಚ್ಚಿದ ಪ್ರಸಂಗ ‘ಉದಾನ’ವೆಂಬ ಪಾಲಿ ಗ್ರಂಥದಲ್ಲಿದೆ. ಕುಳ್ಳನಾದ ಲಕುಂಟಕ ಭದ್ದಿಯನನ್ನು ಮಧುರಕಂಠದ ಶಿಷ್ಯರಲ್ಲಿ ಅಗ್ರನೆಂದು ಬುದ್ಧನೇ ಹೊಗಳಿದ್ದಾನೆ. ಶ್ರೀಲಂಕಾದಲ್ಲಿ ರಕ್ಷೆಗಾಗಿ ಮಾಡುವ ಪರಿತ್ತ ಪಠಣ, ಥೈಲೆಂಡಿನ ಸಂಜೆಯ ಪಠಣಗಳೆಲ್ಲ ಈ ಅನುಮತಿಯ ಆಸರೆಯಲ್ಲಿಯೇ ನಡೆಯುತ್ತಿವೆ. ಇವು ಎಷ್ಟೇ ಇಂಪಾಗಿದ್ದರೂ ಥೇರವಾದಿಗಳು ಇವನ್ನು ಸಂಗೀತವೆಂದು ಒಪ್ಪುವುದಿಲ್ಲ.

ಬುದ್ಧನು ಸಂಗೀತದ್ವೇಷಿಯಾಗಿದ್ದನೆಂಬ ಅಭಿಪ್ರಾಯಕ್ಕೆ ಎದುರಾಗಿ ನಿಲ್ಲುವ ಬಹಳ ಸ್ವಾರಸ್ಯದ ಕಥೆಯೊಂದು ಬುದ್ಧನ ದೀರ್ಘ ಉಪದೇಶಗಳ ಸಂಗ್ರಹವಾದ ದೀಘನಿಕಾಯದ ಸಕ್ಕಪಞ್ಹ ಸುತ್ತದಲ್ಲಿದೆ. ಬುದ್ಧನು ಇಂದಸಾಲ ಗುಹೆಯಲ್ಲಿ ಧ್ಯಾನದಲ್ಲಿದ್ದಾಗ ಇಂದ್ರನು ಅವನನ್ನು ಕಾಣಲು ಬಂದು, ನೇರವಾಗಿ ಹೋಗಲು ಅಳುಕಿ, ಪಂಚಶಿಖನೆಂಬ ಗಂಧರ್ವನನ್ನು ಮುಂದೆ ಕಳಿಸುತ್ತಾನೆ. ಪಂಚಶಿಖನು ಬೇಲುವಪಂಡು ವೀಣೆಯನ್ನು ನುಡಿಸುತ್ತ ಹಾಡುವುದು ಸ್ತೋತ್ರವನ್ನಲ್ಲ, ತನ್ನ ಪ್ರೇಯಸಿ ಸೂರ್ಯವರ್ಚಸೆಯನ್ನು ಕುರಿತ ಪ್ರೇಮಗೀತೆಯನ್ನು. ನಡುನಡುವೆ ಬುದ್ಧ, ಧರ್ಮ, ಅರ್ಹಂತರ (ಮುಕ್ತಿ ಪಡೆದವರ) ಹೆಸರುಗಳನ್ನೂ ಪೋಣಿಸುತ್ತಾನೆ. ಹಾಡು ಮುಗಿದ ಮೇಲೆ ಬುದ್ಧನು ಕೋಪಿಸಿಕೊಳ್ಳುವುದಿಲ್ಲ. ನಿನ್ನ ತಂತಿಯ ನಾದ ಹಾಡಿನೊಡನೆಯೂ ಹಾಡು ತಂತಿಯೊಡನೆಯೂ ಹೊಂದಿಕೊಂಡಿತು, ಒಂದನ್ನೊಂದು ಮೀರಲಿಲ್ಲ ಎಂದು ಮೆಚ್ಚಿ, ಈ ಗೀತೆಯನ್ನು ಯಾವಾಗ ರಚಿಸಿದೆ ಎಂದು ವಿಚಾರಿಸುತ್ತಾನೆ. ಶ್ರುತಿಶುದ್ಧಿಯನ್ನು ಗುರುತಿಸಬಲ್ಲ ಕಿವಿಯ ಮಾತು ಇದು. ಅತಿಯಾದ ಸಾಧನೆಯಿಂದ ಕಾಲು ಒಡೆದು ರಕ್ತ ಬರಿಸಿಕೊಂಡ ಸೋಣ ಕೋಳಿವಿಸನಿಗೆ, ವೀಣೆಯ ತಂತಿಯನ್ನು ಅತಿ ಬಿಗಿಯೂ ಅತಿ ಸಡಿಲವೂ ಆಗದಂತೆ ಕಟ್ಟುವ ಬಗೆಯನ್ನು ನೆನಪಿಸಿ ಮಾರ್ಗ ತೋರಿದವನೂ ಬುದ್ಧನೇ. ಸೋಣನು ಮನೆಯಲ್ಲಿದ್ದಾಗ ವೀಣೆ ನುಡಿಸುತ್ತಿದ್ದವನು.

ಅದೇ ಬುದ್ಧನು ನಟರ ಮೇಳದ ಯಜಮಾನನಾದ ತಾಲಪುಟನಿಗೆ ಹೇಳಿದ್ದು ಕಠಿಣವಾಗಿತ್ತು. ರಂಗದ ಮೇಲೆ ಜನರನ್ನು ನಗಿಸುವವರು ಸತ್ತ ಮೇಲೆ ನಗುವ ದೇವತೆಗಳ ಲೋಕಕ್ಕೆ ಹೋಗುತ್ತಾರೆಯೇ ಎಂದು ಅವನು ಕೇಳಿದ. ಬುದ್ಧನು ಎರಡು ಬಾರಿ ಆ ಪ್ರಶ್ನೆಯನ್ನು ಬಿಟ್ಟುಬಿಡೆಂದು ಹೇಳಿ, ಮೂರನೆಯ ಬಾರಿ ಒತ್ತಾಯಿಸಿದಾಗ, ರಾಗದ್ವೇಷಮೋಹಗಳಿಂದ ಇನ್ನೂ ಬಿಡಿಸಿಕೊಳ್ಳದ ಜನರಲ್ಲಿ ಅವನ್ನೇ ಕೆರಳಿಸುವವನಿಗೆ ಸ್ವರ್ಗವಿಲ್ಲವೆಂದ. ಯಕ್ಷಗಾನವನ್ನು ಉಸಿರಾಡುವ ನಮ್ಮ ಕರಾವಳಿಯವರಿಗೆ ಇದು ಕಹಿಯಾಗಿ ಕೇಳಬಹುದು. ಆದರೆ ತಾಲಪುಟನು ಮುನಿಸಿಕೊಂಡು ಹೋಗಲಿಲ್ಲ, ಭಿಕ್ಷುವಾಗಿ ಅರ್ಹಂತನಾದ. ಹಿರಿಯ ಭಿಕ್ಷುಗಳ ಪದ್ಯಸಂಗ್ರಹವಾದ ಥೇರಗಾಥೆಯಲ್ಲಿ ಅವನ ಹೆಸರಿನಲ್ಲಿ ದೀರ್ಘವಾದ ಪದ್ಯಗುಚ್ಛವೇ ಇದೆ. ಮನಸ್ಸನ್ನು ಎದುರಿಗೆ ನಿಲ್ಲಿಸಿ ವಾದಕ್ಕೆಳೆಯುವ ಆ ಪದ್ಯಗಳಲ್ಲಿ ನಟನ ಪಳಗಿದ ಕೈ ನನಗೆ ಎದ್ದು ಕಾಣುತ್ತದೆ.

ಈಗ ಬೈಲುಕುಪ್ಪೆಗೆ ಬರೋಣ. ಥೇರವಾದಿಗಳ ಪಾಲಿ ವಿನಯವೊಂದೇ ವಿನಯವಲ್ಲ. ಚೀನಾ, ಕೊರಿಯಾಗಳಲ್ಲಿ ಧರ್ಮಗುಪ್ತಕ ವಿನಯ ನಡೆಯುತ್ತದೆ, ಟಿಬೆಟಿನಲ್ಲಿ ಮೂಲಸರ್ವಾಸ್ತಿವಾದ ವಿನಯ. ಈ ಮೂಲಸರ್ವಾಸ್ತಿವಾದ ವಿನಯದಲ್ಲಿ ಬುದ್ಧನ ಗುಣಸ್ತುತಿಯನ್ನೂ ‘ತ್ರಿದಂಡಕ’ವೆಂಬ ಪಠಣವನ್ನೂ ರಾಗವಾಗಿ ಹೇಳಲು ಸ್ಪಷ್ಟವಾದ ಅವಕಾಶವಿದೆ. ಏಳನೆಯ ಶತಮಾನದಲ್ಲಿ ನಾಲಂದದಲ್ಲಿ ವಾಸಿಸಿದ್ದ ಚೀನೀ ಯಾತ್ರಿಕ ಇತ್ಸಿಂಗ್ ಅಲ್ಲಿನ ಸಂಜೆಯ ಪಠಣವನ್ನು ವಿವರವಾಗಿ ಬರೆದಿದ್ದಾನೆ. ಭಿಕ್ಷುಗಳ ಸಂಖ್ಯೆ 3,000ಕ್ಕೂ ಹೆಚ್ಚಾಗಿದ್ದು ಎಲ್ಲರೂ ಒಂದೆಡೆ ಸೇರುವುದು ಕಷ್ಟವಾದ್ದರಿಂದ, ಸ್ತುತಿಪಾಠಕನೊಬ್ಬನು ಸಭಾಂಗಣದಿಂದ ಸಭಾಂಗಣಕ್ಕೆ ಹೋಗಿ ಪಠಿಸುತ್ತಿದ್ದನಂತೆ. ಹೊಸದಾಗಿ ಭಿಕ್ಷುವಾದವರಿಗೆ ಮಾತೃಚೇಟನೆಂಬ ಬೌದ್ಧ ಕವಿಯ ಸ್ತೋತ್ರಗಳನ್ನು ಮೊದಲು ಕಲಿಸುತ್ತಿದ್ದರಂತೆ. ಟಿಬೆಟಿಗೆ ಹೋದದ್ದು ಈ ಉತ್ತರ ಭಾರತದ ವಿಹಾರಪದ್ಧತಿ. ಅಲ್ಲಿ ತಂತ್ರಾಚರಣೆ ಸೇರಿ, ನಾದವು ದೀಪ ಧೂಪಗಳ ಸಾಲಿನಲ್ಲಿ ಇಡುವ ನೈವೇದ್ಯವಾಯಿತು. ಜೋಡಿಯಾಗಿ ಊದುವ ಉದ್ದ ಕಹಳೆ ದುಂಗ್‌ಚೆನ್, ನಮ್ಮ ನಾದಸ್ವರದ ಬಂಧುವಿನಂತಿರುವ ಗ್ಯಾಲಿಂಗ್, ದೊಡ್ಡ ತಾಳಗಳು, ಹಿಡಿಕೆಯ ಮೇಲೆ ನಿಲ್ಲಿಸಿದ ನಗಾರಿ ಇವೆಲ್ಲ ಪೂಜೆಯ ನಿಗದಿತ ಘಟ್ಟಗಳಲ್ಲಿ ಮಾತ್ರ ನುಡಿಯುತ್ತವೆ. ಉಮ್ಜೆ ಎಂದು ಕರೆಯುವ ಪಠಣನಾಯಕನ ಧ್ವನಿಯನ್ನು ಉಳಿದವರು ಹಿಂಬಾಲಿಸುತ್ತಾರೆ. ಯಾರಿಗೂ ತನ್ನ ಕಲ್ಪನೆಯ ಸಂಗತಿ ಹಾಕುವ ಸ್ವಾತಂತ್ರ್ಯವಿಲ್ಲ. ಟಿಬೆಟಿನ ವಿದ್ವಾಂಸ ಸಾಕ್ಯ ಪಂಡಿತ (1182–1251) ಸಂಗೀತದ ಮೇಲೆಯೇ ಒಂದು ಶಾಸ್ತ್ರಗ್ರಂಥ ಬರೆದಿದ್ದಾನೆಂದರೆ ಆ ಪರಂಪರೆ ಈ ವಿಷಯವನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡಿತೆಂದು ತಿಳಿಯುತ್ತದೆ.

ನೀವು ನೋಡಿದ ಸ್ವರ್ಣಮಂದಿರ ಟಿಬೆಟನ್ ಬೌದ್ಧರ ನಿಙ್ಮಾ ಪಂಥದ ನಾಮ್‌ಡ್ರೋಲಿಂಗ್ ಮಠದ್ದು. 1963ರಲ್ಲಿ ಪೆನೋರ್ ರಿನ್‌ಪೋಚೆ ಅದನ್ನು ಸ್ಥಾಪಿಸಿದರು. ಮುಂದಿನ ಬಾರಿ ಆ ಕಡೆ ಹೋದರೆ ಹುಣಸೂರು ತಾಲೂಕಿನ ಗುರುಪುರದಲ್ಲಿರುವ ಗ್ಯೂಮೆ ತಾಂತ್ರಿಕ ಮಠಕ್ಕೂ ಹೋಗಿ (ನಮ್ಮ ಫಲ್ಗುಣಿ ದಂಡೆಯ ಗುರುಪುರವಲ್ಲ). ಟಿಬೆಟಿನಲ್ಲಿ 1433ರಲ್ಲಿ ಆರಂಭವಾದ ಈ ಮಠದ ಭಿಕ್ಷುಗಳು ಒಂದೇ ಕೊರಳಿನಿಂದ ಅತಿ ಮಂದ್ರದ ಸ್ವರವನ್ನೂ ಅದರ ಮೇಲೆ ತೇಲುವ ಮತ್ತೊಂದು ಸ್ವರವನ್ನೂ ಏಕಕಾಲಕ್ಕೆ ಹೊರಡಿಸುವುದರಲ್ಲಿ ಪ್ರಸಿದ್ಧರು. ವರ್ಷಗಟ್ಟಲೆ ಅಭ್ಯಾಸ ಬೇಡುವ ಈ ಕಂಠಸಾಧನೆಯನ್ನು ಅವರು ದೇವತೋಪಾಸನೆಯ ಅಂಗವೆಂದು ಕಾಣುತ್ತಾರೆ. ನುಡಿಸುವುದು, ಹಾಡುವುದು ಯಾರ ಸುಖಕ್ಕಾಗಿ ಎಂಬ ಪ್ರಶ್ನೆಯನ್ನೇ ಇಲ್ಲಿಯೂ ಇಟ್ಟು ನೋಡಿದರೆ, ಗಿರಗ್ಗಸಮಜ್ಜದಲ್ಲಿ ಎದ್ದ ಆಕ್ಷೇಪ ಬೈಲುಕುಪ್ಪೆಯ ಕಹಳೆಗೆ ತಗಲುವುದಿಲ್ಲವೆಂಬುದು ನನ್ನ ಅಭಿಪ್ರಾಯ. ಆದರೆ ಸ್ವರಕ್ಕೆ ಮರುಳಾಗುವ ಅಪಾಯ ಹೇಳಿದ ಐದು ಮಾತುಗಳು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಥೇರವಾದದ ಭಿಕ್ಷುಗಳು ಟಿಬೆಟನ್ ಪದ್ಧತಿಯನ್ನು ಒಪ್ಪದೆ ಇರುವುದಕ್ಕೆ ಇದೇ ಮುಖ್ಯ ಕಾರಣ, ಅದು ನ್ಯಾಯವಾದ ಕಾರಣವೂ ಹೌದು. ನಾದವನ್ನೇ ಸಾಧನೆ ಮಾಡಿಕೊಂಡವರು ಬೇರೆಡೆಯೂ ಇದ್ದರು: ಜಪಾನಿನ ಫುಕೆ ಪಂಥದವರು ಬಿದಿರಿನ ಶಾಕುಹಾಚಿ ಕೊಳಲು ಊದುವುದನ್ನೇ ಧ್ಯಾನವೆಂದು ಹೇಳುತ್ತ ಬುಟ್ಟಿಯಂಥ ಟೋಪಿಯಲ್ಲಿ ಮುಖ ಮುಚ್ಚಿ ಅಲೆಯುತ್ತಿದ್ದರು. 1871ರಲ್ಲಿ ಸರಕಾರವೇ ಆ ಪಂಥವನ್ನು ರದ್ದುಮಾಡಿತು.

ನೀವು ಕದ್ರಿಯವರಾದುದರಿಂದ ಒಂದು ಮಾತು ಸೇರಿಸುತ್ತೇನೆ. ಮಂಜುನಾಥ ದೇವಸ್ಥಾನದಲ್ಲಿರುವ ಮೂರು ಮುಖ, ಆರು ಕೈಗಳ ಕಂಚಿನ ಲೋಕೇಶ್ವರನನ್ನು ‘ಕದರಿಕಾ ವಿಹಾರ’ದಲ್ಲಿ ಪ್ರತಿಷ್ಠಾಪಿಸಿದವನು ಆಳುಪ ದೊರೆ ಕುಂದವರ್ಮನೆಂದು ಪೀಠದ ಶಾಸನ ಹೇಳುತ್ತದೆ, ಕಾಲ ಕ್ರಿ.ಶ. 968. ದೊರೆ ಸ್ವತಃ ಶಿವಭಕ್ತ, ಮುಂದೆ ಬೆಟ್ಟ ನಾಥಪಂಥದ ಜೋಗಿಗಳದ್ದಾಯಿತು, ಹೀಗಾಗಿ ಆ ವಿಹಾರದ ಸ್ವರೂಪದ ಬಗ್ಗೆ ವಿದ್ವಾಂಸರಲ್ಲಿ ಚರ್ಚೆ ಇದ್ದೇ ಇದೆ. ಆದರೆ ಲೋಕೇಶ್ವರನೆಂದರೆ ಅವಲೋಕಿತೇಶ್ವರ, ಟಿಬೆಟಿನವರು ಚೆನ್‌ರೆಜಿಗ್ ಎಂದು ಪೂಜಿಸುವ ಬೋಧಿಸತ್ವ. ಅಂದಮೇಲೆ ನಿಮ್ಮ ಬೆಟ್ಟದ ಹಳೆಯ ಬೌದ್ಧ ನೆನಪು ನಿಮ್ಮ ಮನೆಗೆ ಬರುವ ಭಂತೇಜಿಯ ಪರಂಪರೆಗಿಂತ ಬೈಲುಕುಪ್ಪೆಯ ಪರಂಪರೆಗೇ ಹತ್ತಿರದ್ದು.

ಇನ್ನು ನಿಮ್ಮ ಭಜನೆಯ ವಿಚಾರ. ನಿಯಮಕ್ಕೆ ಅಪವಾದಗಳನ್ನು ಭಿಕ್ಷುಣಿಯರ ವಿನಯವೇ ಹೇಳಿದೆ: ತಾನಿರುವ ಆರಾಮದಲ್ಲಿ, ಅಂದರೆ ವಿಹಾರದ ಆವರಣದಲ್ಲಿ, ನಿಂತು ಕಂಡರೆ, ಕೇಳಿದರೆ ದೋಷವಿಲ್ಲ, ತಾನು ಕುಳಿತ ಅಥವಾ ನಿಂತ ಜಾಗಕ್ಕೇ ಬಂದು ಯಾರಾದರೂ ಕುಣಿದರೆ, ಹಾಡಿದರೆ, ನುಡಿಸಿದರೆ ದೋಷವಿಲ್ಲ, ದಾರಿಯಲ್ಲಿ ಎದುರಾದರೆ, ಬೇರೆ ಕೆಲಸಕ್ಕೆಂದು ಹೋದಲ್ಲಿ ಕಿವಿಗೆ ಬಿದ್ದರೆ, ಆಪತ್ತಿನಲ್ಲಿದ್ದರೆ ದೋಷವಿಲ್ಲ. ಭಿಕ್ಷುಗಳ ಹಗುರವಾದ ನಿಯಮವನ್ನೂ ಇದೇ ಬೆಳಕಿನಲ್ಲಿ ಓದುವುದು ರೂಢಿ. ಊಟಕ್ಕೆಂದು ಬಂದವರ ಕಿವಿಗೆ ನೆರೆಮನೆಯ ಹಾರ್ಮೋನಿಯಂ ಬಿದ್ದರೆ ಅವರ ಶೀಲಕ್ಕೆ ಕುಂದಿಲ್ಲ. ಆದರೆ ಕುಣಿತ ಭಜನೆಗೆ ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಗೌರವಿಸಬೇಕೆಂದು ಆಹ್ವಾನಿಸಿದರೆ, ಅದು ನೋಡಲೆಂದೇ ಬರುವ ಆಹ್ವಾನವಾಗುತ್ತದೆ. ಅವರು ನಿಮ್ಮ ಮನ ನೋಯಿಸಲಾರದೆ ಒಪ್ಪಿಕೊಳ್ಳಲೂಬಹುದು. ಆ ಸಂಕಟಕ್ಕೆ ಅವರನ್ನು ಸಿಲುಕಿಸದಿರುವುದು ಆತಿಥೇಯರ ಕರ್ತವ್ಯ.

ಮೊಬೈಲಿನಲ್ಲಿ ಹಾಡು ಕೇಳುವುದು ಹೇಗೆ ಎಂದು ಹಲವರು ಕೇಳುತ್ತಾರೆ. ಬುದ್ಧನು ವಿನಯಪಿಟಕದ ಮಹಾವಗ್ಗದಲ್ಲಿ ನಾಲ್ಕು ಮಹಾಪದೇಶಗಳನ್ನು, ಅಂದರೆ ಹೊಸ ಸಂಗತಿಗಳನ್ನು ಅಳೆಯುವ ಸೂತ್ರಗಳನ್ನು, ಕೊಟ್ಟಿದ್ದಾನೆ. ಅವುಗಳ ಸಾರ ಇದು: ಹೆಸರಿಸಿ ನಿಷೇಧಿಸದಿದ್ದರೂ ನಿಷಿದ್ಧವಾದುದಕ್ಕೆ ಹೊಂದುವುದು ನಿಷಿದ್ಧ, ಹೆಸರಿಸಿ ಅನುಮತಿಸದಿದ್ದರೂ ಅನುಮತವಾದುದಕ್ಕೆ ಹೊಂದುವುದು ಅನುಮತ. ಈ ಅಳತೆಯಲ್ಲಿ ಸಿನಿಮಾ ಹಾಡು ನಿಷಿದ್ಧವಾದ ಜಾತ್ರೆಯ ಪಾಲಿಗೂ ಧ್ವನಿಮುದ್ರಿತ ಪರಿತ್ತ ಪಠಣ ಅನುಮತವಾದ ಸರಭಞ್ಞದ ಪಾಲಿಗೂ ಬೀಳುತ್ತವೆ. ಆಚರಣೆಯಲ್ಲಿ ಎಳೆಯ ಭಿಕ್ಷುಗಳು ಎಲ್ಲೆಡೆಯೂ ಎಳೆಯರೇ.

ದಿನಚರಿಯಲ್ಲಿ ನಿಮಗೆ ತಕ್ಷಣ ಬೇಕಾದದ್ದು ಊಟದ ನಿಯಮ. ಥೇರವಾದದ ಭಿಕ್ಷು ಅರುಣೋದಯದಿಂದ ನಡುಹಗಲಿನ ಒಳಗೆ ಉಣ್ಣಬೇಕು. ಇಲ್ಲಿ ನಡುಹಗಲೆಂದರೆ ಸೂರ್ಯ ನೆತ್ತಿಗೆ ಬರುವ ಹೊತ್ತು. ಭಾರತದ ಗಡಿಯಾರ ನಮಗಿಂತ ಪೂರ್ವದ ರೇಖಾಂಶಕ್ಕೆ ಹೊಂದಿಸಿರುವುದರಿಂದ ಮಂಗಳೂರಿನಲ್ಲಿ ಆ ಹೊತ್ತು ನವೆಂಬರ್ ಆರಂಭದಲ್ಲಿ 12.15ರ ಸುಮಾರಿಗೆ, ಫೆಬ್ರವರಿ ನಡುವಿನಲ್ಲಿ 12.45ರ ಸುಮಾರಿಗೆ ಬೀಳುತ್ತದೆ. ಆದರೂ ಅನೇಕರು 12ನ್ನೇ ಗಡಿಯಾಗಿ ಇಟ್ಟುಕೊಳ್ಳುವುದರಿಂದ 11 ಗಂಟೆಗೆ ಎಲೆ ಹಾಕುವುದು ಕ್ಷೇಮ. ಟಿಬೆಟನ್ ಮಠಗಳಲ್ಲಿ ಸಂಜೆಯ ಊಟ ಸಾಮಾನ್ಯ. ಚೀನಾ, ಜಪಾನುಗಳಲ್ಲಿ ಅದನ್ನು ಔಷಧಿಯೆಂದು ಹೆಸರಿಸಿ ಉಣ್ಣುತ್ತಾರೆ.

ಬಡಿಸುವ ಆಹಾರವನ್ನು ಅವರ ಕೈಗೆ ಅಥವಾ ಪಾತ್ರೆಗೆ ಒಪ್ಪಿಸಬೇಕು. ಮೇಜಿನ ಮೇಲಿಟ್ಟು ನೀವೇ ತೆಗೆದುಕೊಳ್ಳಿ ಎನ್ನುವ ಹಾಗಿಲ್ಲ, ಏಕೆಂದರೆ ನೀರು ಮತ್ತು ಹಲ್ಲುಜ್ಜುವ ಕಡ್ಡಿಯ ಹೊರತು ಕೊಡದೆ ಇದ್ದುದನ್ನು ಅವರು ಬಾಯಿಗೆ ಹಾಕಲಾರರು. ಥೈಲೆಂಡಿನ ಪದ್ಧತಿಯವರಾದರೆ ಹೆಂಗಸರ ಕೈಯಿಂದ ನೇರವಾಗಿ ತೆಗೆದುಕೊಳ್ಳದೆ ಒಂದು ಬಟ್ಟೆಯನ್ನು ಮುಂದೆ ಹಾಸುತ್ತಾರೆ. ಇದನ್ನು ಅವಮಾನವೆಂದು ತಿಳಿಯಬೇಡಿ. ಬೀಜವಿರುವ ಹಣ್ಣನ್ನು ಕೊಡುವಾಗ ಗೃಹಸ್ಥನೇ ಚಾಕುವಿನಿಂದಲೋ ಉಗುರಿನಿಂದಲೋ ಒಂದು ಗೀರು ಹಾಕಿ ‘ಕಪ್ಪಿಯಂ ಭಂತೇ’ ಎನ್ನುವ ಕ್ರಮವಿದೆ, ಮೊಳೆಯಬಲ್ಲ ಬೀಜಕ್ಕೆ ಭಿಕ್ಷುವೇ ಹಾನಿ ಮಾಡಬಾರದೆಂದು. ಮೀನಿನ ಮನೆಯವರು ನೀವಾಗಿದ್ದರೆ ಅಳುಕಬೇಕಿಲ್ಲ: ತನಗಾಗಿ ಕೊಂದದ್ದೆಂದು ಕಾಣದ, ಕೇಳದ, ಶಂಕಿಸದ ಮೀನು ಮಾಂಸವನ್ನು ಥೇರವಾದದ ಭಿಕ್ಷು ಸ್ವೀಕರಿಸಬಹುದು, ಮಾರುಕಟ್ಟೆಯಲ್ಲಿ ಸತ್ತೇ ಬಂದ ಬಂಗುಡೆ ಆ ಪಾಲಿಗೆ ಸೇರುತ್ತದೆ. ಆದರೂ ಅವರು ಸಸ್ಯಾಹಾರಿಗಳೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ಭಾರತದಲ್ಲಿರುವ ಅನೇಕರು ಸ್ವಂತ ಇಚ್ಛೆಯಿಂದ ಹಾಗಿರುತ್ತಾರೆ.

ಮಧ್ಯಾಹ್ನದ ನಂತರ ಅವರು ಉಳಿದುಕೊಂಡರೆ ಸೋಸಿದ ಹಣ್ಣಿನ ರಸ ಕೊಡಬಹುದು. ಬೆಂಕಿಯಲ್ಲಿ ಕುದಿಸಿದ ರಸ ಆಗದು, ಬಿಸಿಲಿನಲ್ಲಿ ಕಾಯಿಸಿದ್ದು ಆಗುತ್ತದೆ ಎಂದು ವ್ಯಾಖ್ಯಾನ ಹೇಳುವುದರಿಂದ, ಸಿಪ್ಪೆಗೆ ಸಕ್ಕರೆ ಹಾಕಿ ಬಿಸಿಲಿಗಿಟ್ಟು ಮಾಡುವ ನಮ್ಮ ಪುನರ್ಪುಳಿ ಶರಬತ್ತು ಈ ನಿಯಮಕ್ಕೆಂದೇ ಹೇಳಿಮಾಡಿಸಿದಂತಿದೆ. ಬೊಂಡ ಮಾತ್ರ ಬೇಡ. ತೆಂಗು, ತಾಳೆ, ಹಲಸುಗಳನ್ನು ವ್ಯಾಖ್ಯಾನಕಾರರು ‘ಮಹಾಫಲ’ಗಳ ಗುಂಪಿಗೆ ಸೇರಿಸಿ ಧಾನ್ಯಕ್ಕೆ ಸಮವೆಂದು ಎಣಿಸಿದ್ದಾರೆ. ತುಪ್ಪ, ಬೆಣ್ಣೆ, ಎಣ್ಣೆ, ಜೇನು, ಬೆಲ್ಲ ಈ ಐದನ್ನು ಔಷಧಿಯಾಗಿ ಏಳು ದಿನ ಇಟ್ಟುಕೊಳ್ಳಲು ಅವಕಾಶವಿದೆ.

ದಕ್ಷಿಣೆಯ ಲಕೋಟೆಯನ್ನು ಕೈಗೆ ಕೊಡಬೇಡಿ. ಹಣ ಸ್ವೀಕರಿಸುವುದು ಭಿಕ್ಷುವಿಗೆ ನಿಸ್ಸಗ್ಗಿಯ ಪಾಚಿತ್ತಿಯ, ಅಂದರೆ ಆ ಹಣವನ್ನು ತ್ಯಜಿಸಿ ದೋಷವನ್ನು ಒಪ್ಪಿಕೊಳ್ಳಬೇಕು. ವಿಹಾರದ ಗೃಹಸ್ಥ ಮೇಲ್ವಿಚಾರಕರಿಗೆ ಕೊಟ್ಟು, ಇಂಥ ಅಗತ್ಯಕ್ಕೆ ಕೊಟ್ಟಿದ್ದೇನೆಂದು ಭಂತೇಜಿಗೆ ತಿಳಿಸಿದರೆ ಸಾಕು. ಕೆಲವರು ಇಂದು ಹಣ ಮುಟ್ಟುತ್ತಾರೆ; ಪ್ರಯಾಣದ ಖರ್ಚಿನ ಈ ಕಾಲದಲ್ಲಿ ಅವರನ್ನು ದೂರುವುದು ಸುಲಭ, ಟಿಕೇಟು ತೆಗೆಸಿಕೊಡುವ ಗೃಹಸ್ಥರು ಎಷ್ಟು ಮಂದಿಯಿದ್ದಾರೆ ಎಂಬುದನ್ನೂ ನೋಡಬೇಕು.

227ರಲ್ಲಿ 75 ಸೇಖಿಯ ನಿಯಮಗಳು ನಡೆ, ನಿಲುವು, ಊಟದ ಶಿಸ್ತಿಗೆ ಸಂಬಂಧಿಸಿದವು. ಗಟ್ಟಿಯಾಗಿ ನಗುತ್ತ ಮನೆಗಳ ನಡುವೆ ನಡೆಯಬಾರದು, ಬಾಯಿತುಂಬ ತುತ್ತಿಟ್ಟು ಮಾತಾಡಬಾರದು, ಚಪಚಪ ಸದ್ದಾಗಲಿ ಸುರುಸುರು ಸದ್ದಾಗಲಿ ಮಾಡಿ ಉಣ್ಣಬಾರದು. ಎಲೆಯಿಂದ ಸಾರನ್ನು ಸೊರ್ರೆಂದು ಎಳೆದುಕೊಳ್ಳುವುದನ್ನು ಉಡುಪಿಯ ಪಂಕ್ತಿಯಲ್ಲಿ ಯಾರೂ ತಪ್ಪೆಣಿಸುವುದಿಲ್ಲ. ನಿಮ್ಮ ಅತಿಥಿಗೆ ಸಾರನ್ನು ಬಟ್ಟಲಿನಲ್ಲಿ ಕೊಡಿ. ತಿಂಗಳಿಗೆರಡು ಬಾರಿ, ಹುಣ್ಣಿಮೆ ಅಮಾವಾಸ್ಯೆಗಳಂದು, ಸಂಘ ಸೇರಿ ಪಾತಿಮೋಕ್ಖವನ್ನು ಪಠಿಸುತ್ತದೆ. ನಿಮ್ಮ ದಿನ ಅಂಥ ತಿಥಿಗೆ ಬಿದ್ದರೆ ಅವರು ಬೇಗ ಹೊರಡಬೇಕಾಗಬಹುದು. ಆಷಾಢ ಹುಣ್ಣಿಮೆಯ ಮರುದಿನದಿಂದ ಮೂರು ತಿಂಗಳು ವರ್ಷಾವಾಸ. ಉಡುಪಿಯ ಅಷ್ಟಮಠಗಳ ಯತಿಗಳು ಚಾತುರ್ಮಾಸ್ಯದಲ್ಲಿ ಒಂದೆಡೆ ನಿಲ್ಲುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆ ಅವಧಿಯಲ್ಲಿ ಅವರನ್ನು ದೂರದ ಊರಿನಿಂದ ಕರೆಯದಿರುವುದು ಒಳ್ಳೆಯದು.

ಊಟವಾದ ಮೇಲೆ ಅವರು ಅನುಮೋದನೆಯ, ಅಂದರೆ ದಾನವನ್ನು ಮೆಚ್ಚಿ ಹರಸುವ, ಗಾಥೆಗಳನ್ನು ಹೇಳುತ್ತಾರೆ. ಅದರಲ್ಲಿ ಏರಿಳಿತ ಇರುತ್ತದೆ, ಕೇಳಲು ಹಿತವಾಗಿಯೂ ಇರುತ್ತದೆ; ನಿಮ್ಮ ಮಂಡಳಿಯವರು ಉತ್ಸಾಹದಿಂದ ಶ್ರುತಿಪೆಟ್ಟಿಗೆ ಹಿಡಿಯದಂತೆ ನೋಡಿಕೊಳ್ಳಿ, ಕೈಮುಗಿದು ಕೇಳಿ, ಕೊನೆಯಲ್ಲಿ ‘ಸಾಧು’ ಎಂದು ಮೂರು ಬಾರಿ ಹೇಳಿದರೆ ಸಾಕು. ಅವರು ಹೊರಟ ಮೇಲೆ ಸಂಜೆ ಎಷ್ಟು ಹೊತ್ತು ಬೇಕಾದರೂ ಕುಣಿತ ಭಜನೆ ನಡೆಸಿ. ನೀವು ಅಂದು ಅಷ್ಟಶೀಲ ತೆಗೆದುಕೊಂಡಿಲ್ಲವಾದರೆ ನಿಮಗೆ ಯಾವ ಅಡ್ಡಿಯೂ ಇಲ್ಲ.